ಫೋಟೋದಲ್ಲಿ ಕಪ್ಪಗೆ ಕಾಣುವ ಜಾಗ

ಡೈ ಟೆಸ್ಟ್ ಅಂದರೆ ಕೈಯ ನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಕಣ್ಣಿನ ಹಿಂಭಾಗದ ಫೋಟೋ ತೆಗೆಯುವುದು. ಅದರ ಚೀಟಿ ಹಿಡಿದು ನಮ್ಮ ರೂಮಿಗೆ ಬರುವವರಲ್ಲಿ ಜಾಸ್ತಿ ಜನ ಶುಗರ್ ಇರುವವರು. ಯಾಕೆ ಬಂದಿದ್ದೇವೆ ಅಂತ ಅವರಿಗೆ ಗೊತ್ತಿರುತ್ತದೆ. ಆದರೆ ಆಗಾಗ ಇಪ್ಪತ್ತೈದು, ಮೂವತ್ತು ವಯಸ್ಸಿನ ಹುಡುಗರೂ ಬರುತ್ತಾರೆ. ಶುಗರ್ ಇಲ್ಲ, ಬಿಪಿ ಇಲ್ಲ, ಕನ್ನಡಕ ಕೂಡ ಇಲ್ಲ. ಚೀಟಿಯಲ್ಲಿ ರೆಟಿನಲ್ ವ್ಯಾಸ್ಕುಲೈಟಿಸ್ ಅಂತ ಬರೆದಿರುತ್ತದೆ. "ಈ ಕಣ್ಣು ಸಿಕ್ಸ್ ಬೈ ಸಿಕ್ಸ್ ಇದೆ ಅಂದ್ರು ಮೇಡಂ, ಕೊನೇ ಸಾಲೂ ಓದ್ದೆ. ಮತ್ತೆ ಸೂಜಿ ಯಾಕೆ?" ಅಂತ ಕೇಳುತ್ತಾರೆ.

ನ್ಯಾಯವಾದ ಪ್ರಶ್ನೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿರುವಾಗ ನಿಂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆಪ್ಟೋಮೆಟ್ರಿ ಓದಿ, ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಫೋಟೋ ರೂಮ್ ನೋಡಿಕೊಳ್ಳುವವಳು. ಕಾಯಿಲೆಗೆ ಹೆಸರಿಡುವುದು, ಔಷಧಿ ಬರೆಯುವುದು ಡಾಕ್ಟರ ಕೆಲಸ. ಆದರೆ ಅವರು ಯಾವ ಫೋಟೋ ನೋಡಿ ತೀರ್ಮಾನ ಮಾಡುತ್ತಾರೋ ಅದನ್ನು ತೆಗೆಯುವುದು ನನ್ನ ಕೆಲಸ. ಆ ಫೋಟೋದಲ್ಲಿ ಕಣ್ಣಿನ ಅಂಚು ಬರದೇ ಹೋದರೆ ಅರ್ಧ ಕಾಯಿಲೆಯೇ ಕಾಣುವುದಿಲ್ಲ. ನಾನು ಹೇಳಬೇಕಾಗಿರುವುದು ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿವರ.

ಮೊದಲು ಕಾಯಿಲೆ. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಅದರ ತುಂಬ ಸಣ್ಣ ಸಣ್ಣ ರಕ್ತನಾಳಗಳು. ಯಾವುದೋ ಕಾರಣಕ್ಕೆ ಆ ನಾಳಗಳ ಗೋಡೆಗೆ ಉರಿಯೂತ ಬಂದರೆ ಅದನ್ನು ವ್ಯಾಸ್ಕುಲೈಟಿಸ್ ಅನ್ನುತ್ತಾರೆ. ಹೊರಗಿನಿಂದ ಕಣ್ಣು ಕೆಂಪಾಗಿರಲೇಬೇಕು ಅಂತಿಲ್ಲ, ನೋವೂ ಇರಲೇಬೇಕು ಅಂತಿಲ್ಲ. ಉರಿಯೂತ ಬಂದ ನಾಳಕ್ಕೆ ಎರಡು ಥರ ತೊಂದರೆ ಆಗಬಹುದು. ಗೋಡೆ ಸಡಿಲವಾಗಿ ಒಳಗಿನ ನೀರು ಸೋರಬಹುದು. ಇಲ್ಲವೇ ನಾಳವೇ ಮುಚ್ಚಿಹೋಗಬಹುದು.

ನಮ್ಮ ಕಡೆಯವರಿಗೆ ನಾನು ನಾಲೆ ಲೆಕ್ಕದಲ್ಲಿ ಹೇಳುತ್ತೇನೆ. ಏರಿ ಬಿರುಕು ಬಿಟ್ಟು ನೀರು ಸೋರಿದರೆ ಅಕ್ಕಪಕ್ಕದ ಗದ್ದೆ ಜೌಗಾಗುತ್ತದೆ. ಎಲ್ಲರಿಗೂ ಕಾಣುತ್ತದೆ, ಏರಿ ಸರಿ ಮಾಡಿದರೆ ಗದ್ದೆ ಒಣಗುತ್ತದೆ. ನಾಲೆ ನಡುವೆ ಮುಚ್ಚಿಹೋದರೆ ಟೇಲ್ ಎಂಡ್ ಗದ್ದೆಗಳಿಗೆ ನೀರೇ ಹೋಗುವುದಿಲ್ಲ. ಮೇಲುಗಡೆಯವರಿಗೆ ಅದು ಗೊತ್ತೂ ಆಗುವುದಿಲ್ಲ. ಮದ್ದೂರು, ಮಳವಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ತಲೆ ಆಡಿಸುತ್ತಾರೆ.

ಕಣ್ಣಿನಲ್ಲಿ ಟೇಲ್ ಎಂಡ್ ಅಂದರೆ ರೆಟಿನಾದ ಅಂಚು. ನಾವು ಓದುವುದು, ಮುಖ ನೋಡುವುದು, ದಾರ ಪೋಣಿಸುವುದು ಎಲ್ಲಾ ನಡುವಿನ ಸಣ್ಣ ಜಾಗದಿಂದ, ಅದಕ್ಕೆ ಮ್ಯಾಕ್ಯುಲಾ ಅನ್ನುತ್ತಾರೆ. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ಪರೀಕ್ಷೆ ಮಾಡುವುದು ಅದೊಂದನ್ನೇ. ಅಂಚಿನಲ್ಲಿ ದೊಡ್ಡ ಭಾಗಕ್ಕೆ ರಕ್ತ ನಿಂತುಹೋಗಿದ್ದರೂ ನಡು ಚೆನ್ನಾಗಿದ್ದರೆ ಕೊನೇ ಸಾಲು ಓದಬಹುದು. ಸಿಕ್ಸ್ ಬೈ ಸಿಕ್ಸ್ ಅಂತಲೇ ಬರೆಯುತ್ತಾರೆ, ಅದು ಸುಳ್ಳೂ ಅಲ್ಲ.

ರಕ್ತ ನಿಂತ ಜಾಗ ಸುಮ್ನೆ ಇರುವುದಿಲ್ಲ. ಆಮ್ಲಜನಕ ಸಾಲದೆ ಅಲ್ಲಿನ ಜೀವಕೋಶಗಳು ವಿಇಜಿಎಫ್ ಅನ್ನುವ ರಾಸಾಯನಿಕ ಬಿಡುತ್ತವೆ. ಹೊಸ ನಾಳ ಬೆಳೆಸಿ ಅನ್ನುವ ಸೂಚನೆ ಅದು. ರಕ್ತ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವಿನ ಗಡಿಯಲ್ಲಿ ಹೊಸ ನಾಳಗಳು ಹುಟ್ಟುತ್ತವೆ. ಆದರೆ ಅವು ಗಟ್ಟಿ ನಾಳಗಳಲ್ಲ. ಒಂದು ದಿನ ಒಡೆದು ಕಣ್ಣೊಳಗಿನ ಜೆಲ್ಲಿಗೆ ರಕ್ತ ಚೆಲ್ಲುತ್ತವೆ. ಆವತ್ತು ಬೆಳಿಗ್ಗೆ ಎದ್ದವನಿಗೆ ಒಂದು ಕಣ್ಣು ಕಾಣುವುದಿಲ್ಲ. ಹಾಗೇ ಬಿಟ್ಟರೆ ಆ ನಾಳಗಳ ಜೊತೆ ಬೆಳೆದ ಪೊರೆ ರೆಟಿನಾವನ್ನೇ ಎಳೆದು ಕೀಳಬಹುದು.

ಗಂಡು ಹುಡುಗರಲ್ಲಿ ಹೀಗೆ ಮತ್ತೆ ಮತ್ತೆ ರಕ್ತ ಚೆಲ್ಲುವುದನ್ನು 1880ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೆನ್ರಿ ಈಲ್ಸ್ ಅನ್ನುವ ಡಾಕ್ಟರು ಬರೆದರು. ಅವರ ರೋಗಿಗಳಿಗೆ ಮೂಗಿನಿಂದಲೂ ರಕ್ತ ಬರುತ್ತಿತ್ತು, ಮಲಬದ್ಧತೆಯೂ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂದುಕೊಂಡರು. ಉರಿಯೂತದ ವಿಷಯ ಅವರ ನಂತರ ಬಂದವರು ಸೇರಿಸಿದರು. ಇವತ್ತಿಗೂ ಆ ಕಾಯಿಲೆಗೆ ಈಲ್ಸ್ ಡಿಸೀಸ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಈಗ ಅದು ಅಪರೂಪ, ನಮ್ಮ ದೇಶದಲ್ಲಿ ಹಾಗಲ್ಲ. ಟಿಬಿ ರೋಗಾಣುವಿಗೆ ದೇಹ ತೋರಿಸುವ ಪ್ರತಿಕ್ರಿಯೆ ಇದರ ಹಿಂದೆ ಇರಬಹುದು ಅನ್ನುವ ವಾದ ಹಳೆಯದು. ಚೆನ್ನೈನ ಶಂಕರ ನೇತ್ರಾಲಯದವರು ಇಂಥ ರೋಗಿಗಳ ಕಣ್ಣಿನ ಒಳಗಿನ ಸ್ಯಾಂಪಲ್‌ಗಳಲ್ಲಿ ಪಿಸಿಆರ್ ಮಾಡಿ, ಕೆಲವರಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಕಂಡಿದ್ದನ್ನು ಪ್ರಕಟಿಸಿದ್ದಾರೆ. ಅದಕ್ಕೇ ಈ ಹುಡುಗರಿಗೆ ಕೈ ಮೇಲೆ ಮಾಂಟೂ ಟೆಸ್ಟ್, ಎದೆಯ ಎಕ್ಸ್‌ರೇ ಅಥವಾ ಸಿಟಿ ಬರೆಯುವುದು. "ಕೆಮ್ಮೇ ಇಲ್ಲ, ಟಿಬಿ ಟೆಸ್ಟ್ ಯಾಕೆ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಶ್ವಾಸಕೋಶದಲ್ಲಿ ಏನೂ ಇಲ್ಲದೆಯೂ ಕಣ್ಣಿನಲ್ಲಿ ಅದರ ಪರಿಣಾಮ ಕಾಣಬಹುದು.

ಈಗ ಡೈ. ಹಳದಿ ಬಣ್ಣದ ಈ ಔಷಧಿಯ ಹೆಸರು ಫ್ಲೋರೆಸಿನ್. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ಇದನ್ನು ತಯಾರಿಸಿದರು. ಮುಂದೆ 1905ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನೀಲಿ ಬೆಳಕು ಬಿದ್ದರೆ ಇದು ಹಸಿರು ಮಿಶ್ರಿತ ಹಳದಿ ಬೆಳಕು ಕೊಡುತ್ತದೆ. ಕ್ಯಾಮೆರಾ ನೀಲಿ ಬೆಳಕು ಕಳಿಸುತ್ತದೆ, ವಾಪಸ್ ಬರುವಾಗ ನೀಲಿಯನ್ನು ತಡೆದು ಹಸಿರನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಡೈ ಇರುವ ಕಡೆ ಬೆಳ್ಳಗೆ, ಇಲ್ಲದ ಕಡೆ ಕಪ್ಪಗೆ.

ಇದನ್ನು ಕಣ್ಣಿನ ಫೋಟೋಗೆ ಬಳಸಬಹುದು ಅಂತ ತೋರಿಸಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಓದುತ್ತಿದ್ದ ಇಬ್ಬರು, ಹೆರಾಲ್ಡ್ ನೊವಾಟ್ನಿ ಮತ್ತು ಡೇವಿಡ್ ಆಲ್ವಿಸ್. ಯಾರಿಗೆ ಮೊದಲು ಚುಚ್ಚುವುದು ಅಂತ ನಾಣ್ಯ ಚಿಮ್ಮಿದರಂತೆ, ಆಲ್ವಿಸ್ ಸೋತರಂತೆ. ಕಣ್ಣಿನ ವೈದ್ಯರ ಪತ್ರಿಕೆ ಅವರ ಲೇಖನವನ್ನು ವಾಪಸ್ ಕಳಿಸಿತು. ಕೊನೆಗೆ 1961ರಲ್ಲಿ ಸರ್ಕ್ಯುಲೇಷನ್ ಅನ್ನುವ ಹೃದಯದ ವೈದ್ಯರ ಪತ್ರಿಕೆಯಲ್ಲಿ ಬಂತು. ನಾನು ದಿನಾ ಮಾಡುವ ಕೆಲಸ ಶುರುವಾಗಿದ್ದು ಆ ಇಬ್ಬರು ಹುಡುಗರಿಂದ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಟೆಸ್ಟ್ ಹೇಗಿರುತ್ತದೆ ಅಂತ ಒಬ್ಬ ಹುಡುಗನ ಮೂಲಕವೇ ಹೇಳುತ್ತೇನೆ. ನಂಜನಗೂಡು ಕಡೆಯವನು, ಗೂಡ್ಸ್ ಆಟೋ ಓಡಿಸುತ್ತಾನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬಲಗಣ್ಣಿನಲ್ಲಿ ರಕ್ತ ತುಂಬಿ ಬಂದಿದ್ದ. ಆ ಕಣ್ಣಿನ ಹಿಂಭಾಗ ಕ್ಯಾಮೆರಾಗೂ ಕಾಣುತ್ತಿರಲಿಲ್ಲ. ರೆಟಿನಾ ಕಿತ್ತಿದೆಯಾ ಅಂತ ನೋಡಲು ಅಲ್ಟ್ರಾಸೌಂಡ್ ಮಾಡಿದ್ದರು. ಎಡಗಣ್ಣು ಚೆನ್ನಾಗಿತ್ತು. ಡೈ ಟೆಸ್ಟ್ ಬರೆದಿದ್ದು ಆ ಚೆನ್ನಾಗಿರುವ ಎಡಗಣ್ಣಿಗಾಗಿ. ಜೊತೆಗೆ ಬಂದಿದ್ದ ಅವರಮ್ಮನಿಗೆ ಇದು ಸರಿ ಕಾಣಲಿಲ್ಲ. "ಹಾಳಾಗಿರೋ ಕಣ್ ಬಿಟ್ಟು ಚೆನ್ನಾಗಿರೋ ಕಣ್ಣಿಗ್ಯಾಕವ್ವ ಚುಚ್ತೀರ?" ಅಂದರು. "ಕಣ್ಣಿಗೆ ಚುಚ್ಚಲ್ಲಮ್ಮ, ಕೈಗೆ ಚುಚ್ಚೋದು" ಅಂದೆ. ಆ ಮೇಲೆ ಕೂರಿಸಿ ಹೇಳಿದೆ. ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರಿಗೆ ಇವತ್ತಲ್ಲ ನಾಳೆ ಎರಡೂ ಕಣ್ಣಿಗೆ ಬರುತ್ತದೆ. ಒಂದು ಕಣ್ಣಿನಲ್ಲಿ ಆಗಿದ್ದು ಇನ್ನೊಂದರಲ್ಲಿ ಆಗುವ ಮೊದಲೇ ತಡೆಯಬೇಕಾದರೆ ಇದೇ ಸಮಯ.

ಪಾಪೆ ದೊಡ್ಡದಾಗಲು ಡ್ರಾಪ್ಸ್ ಹಾಕಿ ಮುಕ್ಕಾಲು ಗಂಟೆ ಕೂರಿಸಿದೆವು. ಪಾಪೆ ಎಷ್ಟು ಅಗಲವಾದರೆ ಅಂಚು ಅಷ್ಟು ಸಿಗುತ್ತದೆ, ಇದರಲ್ಲಿ ನಾನು ಅವಸರ ಮಾಡುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಆಯಿತು. ಮೊದಲು ಡೈ ಇಲ್ಲದೆ ಬಣ್ಣದ ಫೋಟೋ ತೆಗೆದೆ. ಆಮೇಲೆ ಸಿಸ್ಟರ್ ಮುಂಗೈ ನಾಳಕ್ಕೆ ಸೂಜಿ ಹಾಕಿ, ಉಪ್ಪುನೀರು ಬಿಟ್ಟು ಸರಿಯಾಗಿ ಒಳಗೆ ಹೋಗುತ್ತಿದೆಯಾ ಅಂತ ನೋಡಿದರು. ಇದು ಮುಖ್ಯ. ಡೈ ನಾಳದ ಹೊರಗೆ ಚರ್ಮದಡಿ ಸೇರಿದರೆ ಬಹಳ ಉರಿಯುತ್ತದೆ. ಪಕ್ಕದ ಟ್ರೇನಲ್ಲಿ ಅಡ್ರಿನಲಿನ್, ಆಕ್ಸಿಜನ್ ಎಲ್ಲಾ ಸಿದ್ಧ ಇರುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೂ ಆ ಟ್ರೇ ಇಲ್ಲದೆ ನಾವು ಶುರು ಮಾಡುವುದಿಲ್ಲ.

"ಗದ್ದ ಇಲ್ಲಿಡಪ್ಪ, ಹಣೆ ಮುಂದಕ್ಕೊತ್ತು. ಹಸಿರು ದೀಪ ಕಾಣ್ತಿದ್ಯಾ? ಅದನ್ನೇ ನೋಡು. ಒಂದರ್ಧ ನಿಮಿಷ ಆದ್ಮೇಲೆ ವಾಂತಿ ಬಂದ ಹಾಗೆ ಆಗಬಹುದು, ಬಾಯಲ್ಲಿ ಉಸಿರಾಡು, ಹೊರಟೋಗುತ್ತೆ."

ಸಿಸ್ಟರ್ ಡೈ ಬಿಡುತ್ತಲೇ ನಾನು ಟೈಮರ್ ಒತ್ತುತ್ತೇನೆ. ಮೊದಲ ಕೆಲವು ಸೆಕೆಂಡು ಪರದೆ ಪೂರ್ತಿ ಕಪ್ಪು. ವಯಸ್ಸಿನ ಹುಡುಗರಲ್ಲಿ ಹತ್ತು, ಹನ್ನೆರಡು ಸೆಕೆಂಡಿಗೆ ಮುಂಗೈಯ ಡೈ ಹೃದಯ ದಾಟಿ ಕಣ್ಣಿಗೆ ಬರುತ್ತದೆ. ಮೊದಲು ರೆಟಿನಾದ ಹಿಂದಿನ ಪದರ ಮಸುಕಾಗಿ ಬೆಳಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ರಕ್ತ ತರುವ ನಾಳಗಳು, ಅಂದರೆ ಅಪಧಮನಿಗಳು ತುಂಬುತ್ತವೆ. ಆಮೇಲೆ ರಕ್ತ ವಾಪಸ್ ಒಯ್ಯುವ ಅಭಿಧಮನಿಗಳು, ಅವು ಮೊದಲು ಎರಡು ಅಂಚುಗಳಲ್ಲಿ ಮಾತ್ರ ಗೆರೆಯ ಥರ ಬೆಳಗಿ ನಿಧಾನಕ್ಕೆ ನಡುವೆ ತುಂಬಿಕೊಳ್ಳುತ್ತವೆ. ಅರ್ಧ ನಿಮಿಷದೊಳಗೆ ನಾಳಗಳ ಇಡೀ ಮರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆರೋಗ್ಯವಾಗಿರುವ ಕಣ್ಣಿನ ನಾಳ ಈ ಡೈಯನ್ನು ಹೊರಗೆ ಬಿಡುವುದಿಲ್ಲ, ಅದಕ್ಕೇ ನಾಳದ ಅಂಚುಗಳು ಅಷ್ಟು ಚೊಕ್ಕವಾಗಿ ಕಾಣುವುದು.

ಅವನ ಎಡಗಣ್ಣಿನ ನಡುಭಾಗ ಹಾಗೇ ಚೊಕ್ಕವಾಗಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾರ್ಮಲ್ ಅಂತ ರಿಪೋರ್ಟ್ ಆಗುತ್ತಿತ್ತು. "ಈಗ ಮೇಲೆ ನೋಡು. ಬಲಕ್ಕೆ. ಕೆಳಗೆ. ಎಡಕ್ಕೆ, ಇನ್ನೂ ಎಡಕ್ಕೆ, ಕಿವಿ ನೋಡೋ ಹಾಗೆ." ಕಿವಿ ಕಡೆಯ ಫ್ರೇಮ್ ಬಂತು. ಒಂದು ಅಭಿಧಮನಿಯನ್ನು ಹಿಂಬಾಲಿಸುತ್ತಾ ಹೋದೆ. ಸ್ವಲ್ಪ ದೂರ ಸರಿಯಾಗಿತ್ತು. ಆಮೇಲೆ ಅದರ ಗೋಡೆ ದಪ್ಪಗೆ, ಬೆಳ್ಳಗೆ, ಹತ್ತಿ ಸುತ್ತಿದಂತೆ ಮಸುಕಾಯಿತು. ಅದು ಉರಿಯೂತ ಇರುವ ತುಂಡು. ಅದರಾಚೆ ನಾಳ ಸಣ್ಣ ಎಳೆಯಾಗಿ ಕೊನೆಯಾಯಿತು. ಆಚೆಗೆ ಏನೂ ಇಲ್ಲ. ಬರೀ ಕಪ್ಪು ಬೂದಿ ಬಣ್ಣ, ಒಂದೇ ಒಂದು ಸಣ್ಣ ಕವಲೂ ಇಲ್ಲ. ಆ ಗಡಿಗುಂಟ ತಿರುಚಿದ ಅಡ್ಡನಾಳಗಳು, ಮುಚ್ಚಿದ ದಾರಿಯನ್ನು ಬಳಸಿಕೊಂಡು ಹೋಗಲು ಹುಟ್ಟಿದವು. ಗಡಿಯ ಮೇಲೆಯೇ ಒಂದು ಚಿಕ್ಕ ಗುಚ್ಛ. ಮೊದಲ ನಿಮಿಷದಲ್ಲಿ ಸಣ್ಣ ಬಲೆಯಂತಿತ್ತು. ಐದನೇ ನಿಮಿಷಕ್ಕೆ ಡೈ ಸೋರಿ ಉಬ್ಬಿಕೊಂಡು ಅಕ್ಕಪಕ್ಕದ್ದೆಲ್ಲ ಮುಚ್ಚಿತು. ಹೊಸ ನಾಳ ಅಂದರೆ ಅದೇ. ಬಲಗಣ್ಣಿನಲ್ಲಿ ಒಡೆದಿದ್ದೂ ಇಂಥದ್ದೇ ಇರಬೇಕು.

ಹೊಸದಾಗಿ ಕೆಲಸಕ್ಕೆ ಸೇರಿದವರ ಕಣ್ಣು ಮೊದಲು ಹೋಗುವುದು ಆ ಬೆಳ್ಳಗಿನ ಗುಚ್ಛದ ಕಡೆಗೆ. ಸಹಜ, ಅದೇ ಎದ್ದು ಕಾಣುವುದು. ನಾನು ಅವರಿಗೆ ಕಪ್ಪು ಜಾಗ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಮೊದಲು ನೋಡಿಸುತ್ತೇನೆ. ಸೋರುವುದು ಔಷಧಿಗೆ ಬಗ್ಗುತ್ತದೆ. ಸ್ಟೀರಾಯ್ಡ್ ಕೊಟ್ಟು ಉರಿಯೂತ ಇಳಿದರೆ ಮುಂದಿನ ಫೋಟೋದಲ್ಲಿ ಆ ಹತ್ತಿ ಮಸುಕು ಕಮ್ಮಿಯಾಗಿರುತ್ತದೆ. ಮುಚ್ಚಿಹೋದ ಸಣ್ಣ ನಾಳಗಳು ಮತ್ತೆ ತೆರೆಯುವುದು ತೀರಾ ಕಮ್ಮಿ. ಮುಂದೆ ಈ ಕಣ್ಣಿನಲ್ಲಿ ರಕ್ತ ಚೆಲ್ಲುತ್ತದೆಯಾ ಇಲ್ಲವಾ ಅನ್ನುವುದು ಬಹುಮಟ್ಟಿಗೆ ಆ ಕಪ್ಪು ಜಾಗದ ಅಳತೆಯ ಮೇಲೆ ನಿಂತಿದೆ.

ಕಪ್ಪಗೆ ಕಂಡಿದ್ದೆಲ್ಲ ಮುಚ್ಚಿದ ನಾಳ ಅಂತಲೂ ಅಲ್ಲ. ರೆಟಿನಾ ಮೇಲೆ ರಕ್ತ ಚೆಲ್ಲಿದ್ದರೆ ಅದರ ಕೆಳಗಿನ ಬೆಳಕು ತಡೆದು ಅಲ್ಲೂ ಕಪ್ಪಗಾಗುತ್ತದೆ. ಅದಕ್ಕೇ ಡೈ ಹಾಕುವ ಮೊದಲಿನ ಬಣ್ಣದ ಫೋಟೋ ಬೇಕು. ಬಣ್ಣದಲ್ಲಿ ಕೆಂಪು, ಡೈನಲ್ಲಿ ಕಪ್ಪು ಅಂದರೆ ಅದು ರಕ್ತದ ಮರೆ. ಬಣ್ಣದಲ್ಲಿ ಏನೂ ಇಲ್ಲ, ಡೈನಲ್ಲಿ ಕಪ್ಪು, ಅಕ್ಕಪಕ್ಕದ ನಾಳ ಕತ್ತರಿಸಿದ ಹಾಗೆ ನಿಂತಿದೆ ಅಂದರೆ ಅದು ರಕ್ತ ಹೋಗದ ಜಾಗ. ಕಣ್ಣಿನ ರೆಪ್ಪೆಕೂದಲಿನ ನೆರಳು, ಪಾಪೆ ಸಾಲದೆ ಬಿದ್ದ ನೆರಳು ಇವೂ ಮೋಸ ಮಾಡುತ್ತವೆ. ಅನುಮಾನ ಬಂದರೆ ಅದೇ ಜಾಗವನ್ನು ಸ್ವಲ್ಪ ಕೋನ ಬದಲಿಸಿ ಇನ್ನೊಮ್ಮೆ ತೆಗೆಯಬೇಕು. ನೆರಳು ಜಾಗ ಬದಲಿಸುತ್ತದೆ, ಕಾಯಿಲೆ ಬದಲಿಸುವುದಿಲ್ಲ.

ಅಂಚು ಹಿಡಿಯುವುದು ಯಾಕೆ ಇಷ್ಟು ಕಷ್ಟ ಅಂದರೆ, ಮಾಮೂಲಿ ಕ್ಯಾಮೆರಾ ಒಂದು ಸಲಕ್ಕೆ 30ರಿಂದ 50 ಡಿಗ್ರಿ ನೋಡುತ್ತದೆ. ಮಿಕ್ಕಿದ್ದನ್ನು ರೋಗಿ ಕಣ್ಣು ಹೊರಳಿಸಿದ ಹಾಗೆ ತುಂಡು ತುಂಡಾಗಿ ತೆಗೆದು ಜೋಡಿಸಬೇಕು. ಈಗ ಅಗಲ ಕ್ಯಾಮೆರಾಗಳು ಬಂದಿವೆ. ಅದರಲ್ಲಿ ಹೆಸರಾದ ಆಪ್ಟಾಸ್ ಮೆಷಿನ್ನಿನ ಕಥೆ ನನಗೆ ಬಹಳ ಹಿಡಿಸಿದ್ದು. ಸ್ಕಾಟ್ಲೆಂಡಿನ ಡಗ್ಲಸ್ ಆಂಡರ್ಸನ್ ಅವರ ಪುಟ್ಟ ಮಗನ ರೆಟಿನಾ ಕಿತ್ತಿತ್ತು. ತಡವಾಗಿ ಗೊತ್ತಾಗಿ ಆ ಕಣ್ಣಿನ ದೃಷ್ಟಿಯೇ ಹೋಯಿತು. ಮಗು ಪರೀಕ್ಷೆಗೆ ಹೋಗುತ್ತಿದ್ದರೂ ಅಂಚಿನವರೆಗೆ ನೋಡುವುದು ಮಕ್ಕಳಲ್ಲಿ ಅಷ್ಟು ಕಷ್ಟವಾಗಿತ್ತು. ಆಂಡರ್ಸನ್ 1992ರಲ್ಲಿ ಕಂಪನಿ ಶುರು ಮಾಡಿ, ದೀರ್ಘವೃತ್ತದ ಆಕಾರದ ಕನ್ನಡಿ ಬಳಸಿ, ಒಂದೇ ಸಲಕ್ಕೆ 200 ಡಿಗ್ರಿ ಹಿಡಿಯುವ ಕ್ಯಾಮೆರಾ ತಂದರು. ರೆಟಿನಾದ ಸುಮಾರು 82 ಶೇಕಡಾ ಒಂದೇ ಚಿತ್ರದಲ್ಲಿ ಬರುತ್ತದೆ. ಒಬ್ಬ ತಂದೆಯ ಸಂಕಟದಿಂದ ಇಷ್ಟು ಜನರಿಗೆ ಅನುಕೂಲ ಆಯಿತು.

ಆದರೆ ಅದರಲ್ಲೂ ಮೇಲಿನ, ಕೆಳಗಿನ ಅಂಚಿಗೆ ರೆಪ್ಪೆ ಅಡ್ಡ ಬರುತ್ತದೆ. ಕೆಳಗಿನ ರೆಪ್ಪೆಕೂದಲು ಚಿತ್ರದ ಅಡಿಯಲ್ಲಿ ಸಾಲಾಗಿ ನಿಂತುಬಿಡುತ್ತದೆ. ಬೆರಳಿನಿಂದ, ಇಲ್ಲವೇ ಹತ್ತಿಕಡ್ಡಿಯಿಂದ ರೆಪ್ಪೆ ಬಿಡಿಸಿ ಹಿಡಿಯಲೇಬೇಕು. ಕಣ್ಣು ಹೊರಳಿಸಲು ಹೇಳಲೇಬೇಕು. ಎಷ್ಟು ದುಬಾರಿ ಮೆಷಿನ್ ಆದರೂ ಈ ಕೈಕೆಲಸ ತಪ್ಪುವುದಿಲ್ಲ.

"ಸೂಜಿ ಇಲ್ದೆ ಮಾಡೋ ಹೊಸ ಮೆಷಿನ್ ಇದ್ಯಂತಲ್ಲ" ಅಂತ ಈಗೀಗ ತುಂಬಾ ಜನ ಕೇಳುತ್ತಾರೆ. ಇದೆ, ಓಸಿಟಿ ಆಂಜಿಯೋಗ್ರಫಿ. ಓಸಿಟಿ ಅನ್ನುವುದು ಬೆಳಕಿನಿಂದ ರೆಟಿನಾದ ಪದರ ಪದರ ತೋರಿಸುವ ಸ್ಕ್ಯಾನ್, 1991ರಲ್ಲಿ ಅಮೆರಿಕದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಜೊತೆಗಾರರು ಮೊದಲು ಪ್ರಕಟಿಸಿದ್ದು. ಅದೇ ಜಾಗವನ್ನು ಬೆನ್ನಿಗೆ ಬೆನ್ನು ಸ್ಕ್ಯಾನ್ ಮಾಡಿದರೆ ಓಡಾಡುವ ರಕ್ತಕಣಗಳು ಇರುವ ಕಡೆ ಮಾತ್ರ ಒಂದು ಸ್ಕ್ಯಾನಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸದಿಂದಲೇ ನಾಳಗಳ ಚಿತ್ರ ಬಿಡಿಸುತ್ತದೆ. ಡೈ ಬೇಡ, ಕೆಲವೇ ಸೆಕೆಂಡು ಸಾಕು, ಬೇಕಾದಾಗೆಲ್ಲ ಮಾಡಬಹುದು.

ಮ್ಯಾಕ್ಯುಲಾ ಸುತ್ತ ಇದರಷ್ಟು ಚೆನ್ನಾಗಿ ತೋರಿಸುವುದು ಯಾವುದೂ ಇಲ್ಲ ಅಂತ ನನ್ನ ಅನಿಸಿಕೆ. ಮೇಲಿನ ಪದರದ ಸಣ್ಣ ನಾಳ ಬೇರೆ, ಆಳದ ಪದರದ್ದು ಬೇರೆ ಅಂತ ಬಿಡಿಸಿ ಕೊಡುತ್ತದೆ. ಡೈ ಫೋಟೋದಲ್ಲಿ ಅವೆರಡೂ ಒಂದರ ಮೇಲೊಂದು ಬಿದ್ದಿರುತ್ತವೆ. ಆಳದ ಪದರ ಮಾತ್ರ ಮುಚ್ಚಿದ್ದರೆ ಡೈನಲ್ಲಿ ಗೊತ್ತಾಗದೇ ಹೋಗಬಹುದು. ಓದುವಾಗ ಸಾಲಿನ ನಡುವೆ ಒಂದೆರಡು ಅಕ್ಷರ ಮಾಯವಾಗುತ್ತದೆ ಅಂತ ಹೇಳುವ ಕೆಲವರಲ್ಲಿ ಕಾರಣ ಸಿಗುವುದು ಇದರಲ್ಲೇ.

ಆದರೆ ಮೂರು ವಿಷಯ ಇದಕ್ಕೆ ಆಗುವುದಿಲ್ಲ. ಸೋರುವುದನ್ನು ತೋರಿಸುವುದಿಲ್ಲ, ಯಾಕೆಂದರೆ ಸೋರಲು ಡೈಯೇ ಇಲ್ಲ. ಉರಿಯೂತ ಇನ್ನೂ ಇದೆಯಾ ಅನ್ನುವ ಪ್ರಶ್ನೆಗೆ ಹಾಗಾಗಿ ಪೂರ್ತಿ ಉತ್ತರ ಸಿಗುವುದಿಲ್ಲ. ಎರಡನೆಯದು, ರಕ್ತ ತೀರಾ ನಿಧಾನಕ್ಕೆ ಹರಿಯುತ್ತಿದ್ದರೆ ಮೆಷಿನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಖಾಲಿ ಅಂತ ತೋರಿಸಬಹುದು. ಮೂರನೆಯದು ಅಗಲ. ಸಾಮಾನ್ಯವಾಗಿ 3 ಮಿಲಿಮೀಟರ್, 6 ಮಿಲಿಮೀಟರ್ ಚೌಕ. 12 ಮಿಲಿಮೀಟರ್, ಅದಕ್ಕೂ ಜಾಸ್ತಿ ಹಿಡಿಯುವ ಮೆಷಿನ್‌ಗಳು ಬಂದಿವೆ, ಎಲ್ಲಾ ಕಡೆ ಇಲ್ಲ. ನಂಜನಗೂಡಿನ ಹುಡುಗನಿಗೆ ಬರೀ 6 ಮಿಲಿಮೀಟರ್ ಸ್ಕ್ಯಾನ್ ಮಾಡಿದ್ದರೆ ಪಾಠಪುಸ್ತಕದಲ್ಲಿ ಹಾಕುವಂಥ ಚೆಂದದ ಚಿತ್ರ ಬರುತ್ತಿತ್ತು. ಕಾಯಿಲೆ ಆ ಚೌಕದ ಆಚೆ ಇತ್ತು. ಅದಕ್ಕೇ ಈ ಕಾಯಿಲೆಯಲ್ಲಿ, ಕೊನೇಪಕ್ಷ ಮೊದಲ ಸಲ, ಡೈ ಟೆಸ್ಟ್ ತಪ್ಪಿಸಬೇಡಿ ಅನ್ನುತ್ತೇನೆ. ಮುಂದೆ ನಡುಭಾಗವನ್ನು ಗಮನಿಸಲು ಓಸಿಟಿ ಸಾಕಾಗಬಹುದು, ಅದನ್ನು ಡಾಕ್ಟರು ಹೇಳುತ್ತಾರೆ.

ಎಲ್ಲರಿಗೂ ಈಲ್ಸ್ ಅಂತ ಅಲ್ಲ. ಬಾಯಲ್ಲಿ ಪದೇ ಪದೇ ಹುಣ್ಣು ಬರುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಜನನಾಂಗದ ಹತ್ತಿರ ಹುಣ್ಣಾಗುತ್ತಿದ್ದರೂ ನಾಚಿಕೆ ಬಿಟ್ಟು ಹೇಳಿ. 1937ರಲ್ಲಿ ಇಸ್ತಾಂಬುಲ್‌ನ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ ಈ ಹುಣ್ಣುಗಳನ್ನೂ ಕಣ್ಣಿನ ಉರಿಯೂತವನ್ನೂ ಸೇರಿಸಿ ಒಂದೇ ಕಾಯಿಲೆ ಅಂತ ವಿವರಿಸಿದರು. ಅದರಲ್ಲಿ ಡೈ ಸಣ್ಣ ನಾಳಗಳಿಂದ ಸೋರಿ ಜರಿಗಿಡದ ಎಲೆಯ ಆಕಾರ ಮೂಡುತ್ತದೆ. ನಾಳ ಮುಚ್ಚುವುದೂ ಅದರಲ್ಲಿ ಜೋರು, ಚಿಕಿತ್ಸೆಯ ದಾರಿಯೂ ಬೇರೆ. ಇನ್ನು ಮಳೆಗಾಲದ ಜ್ವರ ಬಿಟ್ಟು ಕೆಲವು ವಾರ ಆದ ಮೇಲೆ ಕಣ್ಣು ಮಂಜಾಗಿ ಬರುವವರು ನಮ್ಮ ಕಡೆ ಇದ್ದಾರೆ. ಡೆಂಗಿ, ಚಿಕೂನ್‌ಗುನ್ಯಾ, ಟೈಫಾಯ್ಡ್, ಉಣ್ಣೆಯಂಥ ಕೀಟಗಳಿಂದ ಬರುವ ರಿಕೆಟ್ಸಿಯಾ ಜ್ವರ ಇವುಗಳ ನಂತರ ರೆಟಿನಾಗೆ ಉರಿಯೂತ ಬಂದು ನಾಳ ಮುಚ್ಚಬಹುದು. ಜ್ವರ ಬಂದಿದ್ದನ್ನು, ಯಾವಾಗ ಅನ್ನುವುದನ್ನು ಹೇಳುವುದು ಮರೆಯಬೇಡಿ.

ಆ ಹುಡುಗನಿಗೆ ಮುಂದೇನಾಯಿತು ಅಂದರೆ, ಮಾಂಟೂ ಜೋರಾಗಿ ಪಾಸಿಟಿವ್ ಬಂತು. ಎದೆಯ ಡಾಕ್ಟರೂ ನೋಡಿ, ಟಿಬಿ ಮಾತ್ರೆ ಮತ್ತು ಸ್ಟೀರಾಯ್ಡ್ ಶುರು ಮಾಡಿದರು. ಉರಿಯೂತ ತಗ್ಗಿದ ಮೇಲೆ ಎಡಗಣ್ಣಿನ ಕಪ್ಪು ಜಾಗಕ್ಕೆ ಲೇಸರ್ ಮಾಡಿದರು. ರಕ್ತವಿಲ್ಲದೆ ಒದ್ದಾಡುವ ಆ ಭಾಗವನ್ನು ಸುಟ್ಟುಬಿಟ್ಟರೆ ಹೊಸ ನಾಳ ಬೆಳೆಸಿ ಅನ್ನುವ ಸೂಚನೆ ಕಮ್ಮಿಯಾಗುತ್ತದೆ. ಎಲ್ಲಿ ಸುಡಬೇಕು ಅನ್ನುವುದಕ್ಕೆ ನಕ್ಷೆ ಡೈ ಫೋಟೋ. ನಕ್ಷೆಯಲ್ಲಿ ಅಂಚು ಬಿಟ್ಟುಹೋಗಿದ್ದರೆ ಲೇಸರ್ ಬೀಳಬೇಕಾದ ಕಡೆಯೂ ಬಿಟ್ಟುಹೋಗುತ್ತದೆ, ಅಲ್ವಾ? ಬಲಗಣ್ಣಿನ ರಕ್ತ ತಾನಾಗಿ ಕರಗಲಿಲ್ಲ, ಆಪರೇಷನ್ ಆಯಿತು. ತಿಂಗಳುಗಳ ನಂತರ ಎಡಗಣ್ಣಿಗೆ ಮತ್ತೆ ಡೈ ಹಾಕಿದಾಗ ಕಪ್ಪು ಜಾಗ ಅಷ್ಟೇ ಇತ್ತು, ಹೊಸದಾಗಿ ಹರಡಿರಲಿಲ್ಲ. ಗುಚ್ಛ ಕುಗ್ಗಿ ಒಣಗಿತ್ತು, ಐದನೇ ನಿಮಿಷದಲ್ಲೂ ಸೋರಲಿಲ್ಲ. ಅವರಮ್ಮನನ್ನು ಒಳಗೆ ಕರೆದು ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. ಆ ದಿನ ನನಗಾದ ಸಂತೋಷ ಹೇಳತೀರದು.

ಟೆಸ್ಟ್‌ಗೆ ಬರುವವರಿಗೆ ಒಂದಿಷ್ಟು ಮಾತು. ಹೃದಯದ ಆಂಜಿಯೋಗ್ರಾಮ್‌ಗೆ ಹಾಕುವ ಡೈ ಬೇರೆ, ಇದು ಬೇರೆ, ಇದರಲ್ಲಿ ಅಯೋಡಿನ್ ಇಲ್ಲ. ಆದರೂ ಹಿಂದೆ ಯಾವುದೇ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ, ಉಬ್ಬಸ ಇದ್ದರೆ, ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿ ಆಗಿದ್ದರೆ, ಮಗುವಿಗೆ ಹಾಲು ಕೊಡುತ್ತಿದ್ದರೆ ಮೊದಲೇ ಹೇಳಿ. ಮೈ ಕೆಲವು ಗಂಟೆ ಹಳದಿಯಾಗಿರುತ್ತದೆ. ಮೂತ್ರ ಮಾರನೇ ದಿನದವರೆಗೂ ಕಿತ್ತಳೆ ಬಣ್ಣ. ಇದನ್ನು ಕಾಮಾಲೆ ಅಂದುಕೊಂಡು ರಾತ್ರಿ ಹೆದರಿ ಫೋನ್ ಮಾಡುವವರಿದ್ದಾರೆ, ಹೆದರಬೇಡಿ. ಗಂಟಲು ಕಟ್ಟಿದ ಹಾಗೆ, ಮೈಯೆಲ್ಲ ದದ್ದು ಎದ್ದ ಹಾಗೆ ಆದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಬನ್ನಿ. ಪಾಪೆ ದೊಡ್ಡದಾಗಿರುವ ಕಾರಣ ಅವತ್ತು ಗಾಡಿ ಓಡಿಸಬೇಡಿ. ಸೂಜಿಗೆ ತೀರಾ ಹೆದರುವ ಮಕ್ಕಳಿಗೆ ಡೈಯನ್ನು ಜ್ಯೂಸ್‌ನಲ್ಲಿ ಕುಡಿಸಿಯೂ ತೆಗೆಯಬಹುದು. ಮೊದಲ ಸೆಕೆಂಡುಗಳ ಚಿತ್ರ ಸಿಗುವುದಿಲ್ಲ, ಆದರೆ ಸೋರುವ ಜಾಗ ಸಿಗುತ್ತದೆ.

ಇನ್ನೊಂದು ಮಾತನ್ನು ನನ್ನ ಹಾಗೇ ಫೋಟೋ ರೂಮಿನಲ್ಲಿ ಕೆಲಸ ಮಾಡುವವರಿಗೆ ಹೇಳಬೇಕು. ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದ ಒಬ್ಬ ಹೆಣ್ಣುಮಗಳ ಫೈಲಿನಲ್ಲಿ ಹಳೇ ಡೈ ಟೆಸ್ಟ್ ಅಂತ ಒಂದೇ ಹಾಳೆ ಇತ್ತು. ಅಂಚೆಚೀಟಿಯಷ್ಟು ಸಣ್ಣ ಒಂಬತ್ತು ಚಿತ್ರ, ಇಂಕ್ ಮಾಸಿಹೋಗಿತ್ತು. ಒಂಬತ್ತೂ ಕಣ್ಣಿನ ನಡುಭಾಗದ್ದೇ. ಅಂಚು ಆಗ ಚೆನ್ನಾಗಿತ್ತಾ, ತೆಗೆಯಲೇ ಇಲ್ಲವಾ, ಯಾರಿಗೂ ತಿಳಿಯುವಂತಿರಲಿಲ್ಲ. ಅವಳ ಕಪ್ಪು ಜಾಗ ಹಳೆಯದೋ ಹೊಸದಾಗಿ ಹರಡಿದ್ದೋ ಅನ್ನುವುದು ಗೊತ್ತಾಗದೆ ಡಾಕ್ಟರು ಬಹಳ ಯೋಚನೆ ಮಾಡಬೇಕಾಯಿತು. ರೋಗಿ ಸುಸ್ತಾಗಿದ್ದರು, ಕಣ್ಣು ಬಿಡಲಾಗಲಿಲ್ಲ, ಕೆಳಗಿನ ಭಾಗ ಸಿಗಲಿಲ್ಲ, ಇದೆಲ್ಲಾ ಎಲ್ಲರಿಗೂ ಆಗುವುದೇ. ಆದರೆ ಯಾವ ಭಾಗ ಸಿಗಲಿಲ್ಲ ಅಂತ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದುಬಿಡಿ. ಮುಂದೆ ನೋಡುವವರು ಅಲ್ಲಿ ಏನೂ ಇರಲಿಲ್ಲ ಅಂದುಕೊಳ್ಳಬಾರದು.

ರೋಗಿಗಳು, ಮನೆಯವರು ಟೆಸ್ಟ್ ಮುಗಿದ ದಿನವೇ ಚಿತ್ರಗಳನ್ನು ಕೇಳಿ ಪಡೆಯಿರಿ. ಪ್ರಿಂಟ್ ಸಾಲದು. ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಇಲ್ಲವೇ ಮೇಲ್‌ಗೆ ಕಳಿಸಲು ಹೇಳಿ. ಎಲ್ಲಾ ಫ್ರೇಮ್‌ಗಳೂ ಬೇಕು. ಡೈ ಹಾಕುವ ಮೊದಲಿನ ಬಣ್ಣದ್ದು, ಅಂಚಿನವು, ಹತ್ತನೇ ನಿಮಿಷದ್ದು, ಟೈಮರ್ ಕಾಣುವ ಹಾಗೆ. ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ಡ್ರಾಪ್ಸ್ ಹಾಕಿಸಿಕೊಳ್ಳುವ ಮೊದಲೇ ಅದನ್ನು ಫೋಟೋ ತೆಗೆಯುವವರ ಕೈಗೆ ಕೊಡಿ. ಹಳೇ ಚಿತ್ರ ಕಣ್ಣಮುಂದೆ ಇದ್ದರೆ ಎಲ್ಲಿ ಹುಡುಕಬೇಕು ಅಂತ ಅವರಿಗೂ ಗೊತ್ತಾಗುತ್ತದೆ.